ತ್ಯಾಗರಾಜನಗರ ತಲುಪದ ಪೆಟ್ಟು

ಗೂಳಪ್ಪನ ಕಾಲು ಮೊದಲು ಸಿಕ್ಕಿತು. ಆಮೇಲೆ ಸೊಂಟ. ತಲೆಯ ಮೇಲೆ ಕೂತಿದ್ದ ಕಲ್ಲನ್ನು ಅಗ್ನಿಶಾಮಕದ ಮೂವರು ಸೇರಿ ಹಾರೆಯಿಂದ ಮೀಟಿ ಉರುಳಿಸಿದಾಗ ನೋಡುತ್ತ ನಿಂತಿದ್ದವರಲ್ಲಿ ಒಬ್ಬ ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡ. ತಮ್ಮ ಗುರುಸಿದ್ದ ಮಾತ್ರ ಕಣ್ಣು ಕೀಳಲಿಲ್ಲ. ಮುಖ ಅನ್ನುವುದು ಉಳಿದಿರಲಿಲ್ಲ. ಬಲಗಿವಿಯ ಬೆಳ್ಳಿ ಒಂಟಿ ನೋಡಿ ಅಣ್ಣನೇ ಎಂದು ಹೇಳಿದ. ಪೊಲೀಸಿನವನು ಬರೆದುಕೊಂಡ.

ಅದು ಎರಡು ಸಾವಿರದ ಒಂದನೇ ಇಸವಿಯ ಗಣರಾಜ್ಯೋತ್ಸವದ ದಿನ. ಜೆ.ಪಿ. ನಗರ ಮೂರನೇ ಹಂತದಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ತೆಗೆದ ಗುಂಡಿಯದು. ಅಂಚಿನಲ್ಲಿದ್ದ ಕಲ್ಲಿನ ತಡೆಗೋಡೆ ಮೂವತ್ತು ಅಡಿ ಉದ್ದಕ್ಕೆ ಕುಸಿದು ಒಳಗೆ ಬಿದ್ದಿತ್ತು. ಗುಂಡಿಯ ಬಂಡೆ ಒಡೆಸುವ ಗುತ್ತಿಗೆ ಪಿಳ್ಳಣ್ಣನದು. ಬಿಳಿ ಅಂಗಿ, ಬಿಳಿ ಪ್ಯಾಂಟು, ಎದೆಯ ಮೇಲೆ ಧ್ವಜ ಚುಚ್ಚಿಕೊಂಡು ಅವನು ಮೇಲೆ ನಿಂತಿದ್ದ. ಬೆಳಿಗ್ಗೆ ಎಲ್ಲೋ ಬಾವುಟ ಹಾರಿಸಿ ಬಂದಿದ್ದ.

ಗೂಳಪ್ಪನ ಹೆಂಡತಿ ದುಂಡವ್ವ ಅದೇ ಸೈಟಿನಲ್ಲಿ ಕಲ್ಲು ಹೊರುವವಳು. ಮಣ್ಣು ಮೆತ್ತಿದ ಕೈಯಲ್ಲೇ ಪಿಳ್ಳಣ್ಣನ ಅಂಗಿ ಹಿಡಿದಳು.

"ಸೀಟಿ ಊದಲಿಲ್ಲ ಇವ್ರು! ಕೆಂಪು ಬಟ್ಟಿ ತೋರಿಸಲಿಲ್ಲ! ಕೆಳಗ ನನ್ನ ಗಂಡ ಅದಾನ ಅಂತ ಗೊತ್ತಿದ್ದೂ ಮದ್ದು ಹಾರಿಸ್ಯಾರ!"

ಪಿಳ್ಳಣ್ಣ ಅವಳ ಕೈಯನ್ನು ಬಿಡಿಸಲಿಲ್ಲ, ತಿರುಚಿದ. ಅವಳು ಮೊಣಕಾಲೂರಿ ಕುಸಿದಳು.

"ಏನಮ್ಮಾ, ಟಿವಿ ನೋಡಿಲ್ವಾ? ಗುಜರಾತಲ್ಲಿ ಊರಿಗೆ ಊರೇ ಮಲಗೈತೆ. ಭೂಮ್ತಾಯಿ ಅಲ್ಲಾಡಿದ್ರೆ ನಾನೇನ್ ಮಾಡ್ಲಿ? ರಜಾ ದಿನ ಯಾವನಾದ್ರೂ ಬ್ಲಾಸ್ಟಿಂಗ್ ಮಾಡ್ತಾನಾ? ಕೇಳು, ಯಾರನ್ನ ಬೇಕಾದ್ರೂ ಕೇಳು."

ಕೇಳಲು ಯಾರೂ ಇರಲಿಲ್ಲ. ಜೊತೆ ಕೆಲಸದವರನ್ನೆಲ್ಲ ಹೆಣ ತೆಗೆಯುವ ಮೊದಲೇ ಟೆಂಪೊ ಹತ್ತಿಸಿ ಅಂಜನಾಪುರದ ಕಡೆ ಸಾಗಿಸಿಯಾಗಿತ್ತು. ಅಕ್ಕಪಕ್ಕದ ಮನೆಯವರು ಪೆರೇಡ್ ನೋಡಲೆಂದು ಟಿವಿ ಮುಂದೆ ಕೂತಿದ್ದವರು. ಢಂ ಅಂದದ್ದು ಕೇಳಿದ್ದರು, ನೆಲ ನಡುಗಿದ್ದೂ ಗೊತ್ತಾಗಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಅವರೆಲ್ಲರ ಬಾಯಲ್ಲೂ ಅದು ಭೂಕಂಪವೇ ಆಗಿತ್ತು. ಭೂಕಂಪ ಕಂಡೆವು ಎಂದು ಹೇಳಿಕೊಳ್ಳುವ ಅವಕಾಶವನ್ನು ಯಾರು ಬಿಡುತ್ತಾರೆ?

ಗುರುಸಿದ್ದ ದುಂಡವ್ವನನ್ನು ಹಿಡಿದು ಎಬ್ಬಿಸಿದ. ಬೆಳಿಗ್ಗೆಯ ಆ ನಡುಕವನ್ನು ಭೂಕಂಪ ಎಂದುಕೊಂಡಿದ್ದವರಲ್ಲಿ ಅವನೂ ಒಬ್ಬ.

ಆಳಂದದ ಕಡೆಯ ಹುಡುಗ. ಏಳು ವರ್ಷದ ಹಿಂದೆ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಅವನ ಅವ್ವ ಗಡಿಯಾಚೆ ತವರಿನಲ್ಲಿದ್ದಳು. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ ಮಲಗಿದವರ ಮೇಲೆ ಬಿತ್ತು. ಆಮೇಲೆ ಹಾಸ್ಟೆಲಿನ ಲೈಬ್ರರಿಯಲ್ಲಿ ಭೂಕಂಪದ ಬಗ್ಗೆ ಇದ್ದ ಎರಡೇ ಪುಸ್ತಕಗಳನ್ನು ಗುರುಸಿದ್ದ ಹರಿಯುವಷ್ಟು ಸಲ ಓದಿದ್ದ. ಈಗ ಬಿಟಿಎಂ ಎರಡನೇ ಹಂತದಲ್ಲಿ, ಬನ್ನೇರುಘಟ್ಟ ರಸ್ತೆಗೆ ಹತ್ತಿರ, ನೆಲಮಹಡಿಯ ಒಂದು ಕೋಣೆಯಲ್ಲಿದ್ದ. ಆಫೀಸುಗಳಿಗೆ ಹೋಗಿ ಯುಪಿಎಸ್ ರಿಪೇರಿ ಮಾಡುವ ಕೆಲಸ. ಕೋಣೆಯ ಮೂಲೆಯಲ್ಲಿ ನೆಲ ಅಗೆದು ಕಾಂಕ್ರೀಟ್ ಕಂಬ ಹೂತು, ಅದರ ಮೇಲೆ ತಾನೇ ಮಾಡಿದ ಭೂಕಂಪದ ಯಂತ್ರ ಕೂರಿಸಿದ್ದ. ಗೇಟು ಕೀಲಿನ ಮೇಲೆ ಆಡುವ ಹಾಗೆ ಆಡುವ ಒಂದು ಕಬ್ಬಿಣದ ಸಲಾಕೆ, ಅದರ ತುದಿಗೆ ಐದು ಕಿಲೋ ತೂಕದ ಕಲ್ಲು, ಹಳೆ ಸ್ಪೀಕರಿನ ಅಯಸ್ಕಾಂತ, ಯುಪಿಎಸ್ ಬೋರ್ಡುಗಳಿಂದ ಕಿತ್ತು ಕಟ್ಟಿದ ಆಂಪ್ಲಿಫೈಯರು, ನಿಧಾನಕ್ಕೆ ತಿರುಗುವ ಡ್ರಮ್ಮು, ಅದಕ್ಕೆ ಸುತ್ತಿದ ಹಾಳೆ, ಹಾಳೆಯ ಮೇಲೆ ಒಂದು ಸೂಜಿ. ನೆಲ ಅಲ್ಲಾಡಿದರೆ ಸೂಜಿ ಅಲ್ಲಾಡುತ್ತದೆ. ಇಷ್ಟೇ.

ಯಂತ್ರ ಮಾಡುವುದು ದೊಡ್ಡ ಕೆಲಸವಲ್ಲ, ಓದುವುದು ಕೆಲಸ. ಬೆಂಗಳೂರಿನ ನೆಲ ಸುಮ್ಮನಿರುವುದೇ ಇಲ್ಲ. ಲಾರಿ ಹೋದರೆ ಗೀಚು, ಮೇಲಿನ ಮನೆಯವರು ಒನಕೆ ಹಾಕಿದರೆ ಗೀಚು. ಜೆ.ಪಿ. ನಗರದಲ್ಲಿ ದಿನಾ ಬಂಡೆ ಸಿಡಿಸುತ್ತಿದ್ದರು. ಅದು ಹಾಳೆಯಲ್ಲಿ ಮುಳ್ಳಿನ ಹಾಗೆ ಏಳುತ್ತಿತ್ತು, ಥಟ್ಟನೆ ಮೇಲೆ, ಥಟ್ಟನೆ ಶಾಂತ. ಗುರುಸಿದ್ದ ಪಕ್ಕದಲ್ಲಿ ಪೆನ್ಸಿಲಿನಿಂದ 'ಬಂಡೆ' ಎಂದು ಬರೆದು ಮರೆತುಬಿಡುತ್ತಿದ್ದ.

ಅವತ್ತು ಬೆಳಿಗ್ಗೆ ಚಹಾದ ಲೋಟ ಹಿಡಿದು ಯಂತ್ರದ ಮುಂದೆ ಕೂತಿದ್ದಾಗ ಸೂಜಿ ಹಾಳೆಯ ಅಂಚಿಗೆ ಹಾರಿತ್ತು. ಕಿಟಕಿ ಗಡಗಡ ಅಂದಿತು. ಬೇರೆ ದಿನವಾಗಿದ್ದರೆ 'ಬಂಡೆ' ಎಂದೇ ಬರೆಯುತ್ತಿದ್ದ. ಆದರೆ ರಜಾ ದಿನ ಯಾರೂ ಬಂಡೆ ಒಡೆಯುವುದಿಲ್ಲ. ಸಿಡಿಸುವ ಮೊದಲು ರಸ್ತೆಗೂ ಕೇಳುವಂತೆ ಉದ್ದಕ್ಕೆ ಊದುವ ಸೀಟಿಯೂ ಕೇಳಿರಲಿಲ್ಲ. ಅವನು ಪೆನ್ಸಿಲು ಕೆಳಗಿಟ್ಟು ಕಾದ. ಸ್ವಲ್ಪ ಹೊತ್ತಿಗೆ ಸೂಜಿ ಸಣ್ಣಗೆ ನಡುಗತೊಡಗಿತು. ಕೆಲವು ನಿಮಿಷ ಕಳೆದ ಮೇಲೆ ದೊಡ್ಡ ದೊಡ್ಡ ಅಲೆಗಳು ಎದ್ದವು, ನಿಧಾನವಾಗಿ, ಯಾರೋ ಇಡೀ ಊರನ್ನು ತೊಟ್ಟಿಲಲ್ಲಿಟ್ಟು ತೂಗಿದ ಹಾಗೆ. ಎರಡು ವರ್ಷ ಕಾದದ್ದು ಬಂದಿತ್ತು. ಅವನು ಕೋಣೆಯಲ್ಲಿ ಒಬ್ಬನೇ ಕುಣಿದ. ಬರಿಗಾಲಲ್ಲಿ ಎಸ್‌ಟಿಡಿ ಬೂತಿಗೆ ಓಡಿ ತ್ಯಾಗರಾಜನಗರಕ್ಕೆ ಫೋನ್ ಮಾಡಿದ.

ಅಲ್ಲಿ ಅನಂತರಾಮು ಇದ್ದರು. ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಜಯನಗರದಲ್ಲಿ ಒಂದು ಭಾಷಣ ಕೇಳಿ ಗುರುಸಿದ್ದ ಅವರ ಹಿಂದೆ ಬಿದ್ದಿದ್ದ. ಅವರ ಮನೆಯ ಮೆಟ್ಟಿಲ ಕೆಳಗೂ ಇಂಥದೇ ಯಂತ್ರವಿತ್ತು. ಓದುವುದನ್ನು ಕಲಿಸಿದವರು ಅವರೇ.

"ಸಾರ್, ಬಂತು! ಮೊದ್ಲು ಗುದ್ದಿದ ಹಾಗೆ ಒಂದೇ ಪೆಟ್ಟು ಸಾರ್, ಕಿಟಕಿ ಅಲ್ಲಾಡೋಯ್ತು! ಆಮೇಲೆ ಅಲೆ!"

"ನಂದ್ರಲ್ಲೂ ಅಲೆ ಸೊಗಸಾಗಿ ಬಂದಿದೆ ಕಣಯ್ಯಾ. ಗುದ್ದಿದ ಹಾಗೆ ಅಂದ್ಯಾ? ಇನ್ನೊಂದ್ಸಲ ಹೇಳು, ಸರಿಯಾಗಿ ಹೇಳು."

ಗುರುಸಿದ್ದ ನಗುತ್ತ ಇನ್ನೊಂದು ಸಲ ಹೇಳಿದ್ದ. ಆ ಹೊತ್ತಿನಲ್ಲಿ, ಒಂದೇ ಕಿಲೋಮೀಟರಿನಾಚೆ, ದುಂಡವ್ವ ಉಗುರು ಕಿತ್ತುಹೋಗುವ ಹಾಗೆ ಕಲ್ಲು ಕೆದಕುತ್ತಿದ್ದಳು.

ಮರುದಿನ ಪತ್ರಿಕೆ ಇರಲಿಲ್ಲ. ಅದರ ಮರುದಿನ ಬಂತು. ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರು ಅದನ್ನು ಮೇಜಿನ ಮೇಲೆ ತಿರುಗಿಸಿ ಗುರುಸಿದ್ದನ ಮುಂದೆ ತಳ್ಳಿದರು. ಪಕ್ಕದ ಕುರ್ಚಿಯಲ್ಲಿ ಪಿಳ್ಳಣ್ಣ ಕಾಫಿ ಕುಡಿಯುತ್ತಿದ್ದ.

"ಓದಪ್ಪಾ. ವಿಜ್ಞಾನಿಗಳೇ ಹೇಳಿದಾರೆ."

'ತ್ಯಾಗರಾಜನಗರದ ನಿವೃತ್ತ ಉಪನ್ಯಾಸಕ ಅನಂತರಾಮು ಅವರ ಮನೆಯ ಯಂತ್ರದಲ್ಲಿ ಮೊದಲು ಗುದ್ದಿದಂಥ ಒಂದು ಪೆಟ್ಟು, ನಂತರ ದೀರ್ಘ ಅಲೆಗಳು ದಾಖಲಾಗಿವೆ. ಇಂಥ ಪೆಟ್ಟಿಗೆ ದುರ್ಬಲ ಗೋಡೆಗಳು ಬೀಳುವ ಸಾಧ್ಯತೆ ಇದೆ ಎಂದು ಅವರು ತಿಳಿಸಿದ್ದಾರೆ.'

ಗುರುಸಿದ್ದ ಅದನ್ನು ಇನ್ನೊಮ್ಮೆ ಓದಿದ. ಅವು ಅವನವೇ ಮಾತು. ಬೂತಿನಲ್ಲಿ ನಗುತ್ತ ಹೇಳಿದ ಮಾತು.

"ಇದು ನಾನು ಹೇಳಿದ್ದು ಸಾರ್. ಪೆಟ್ಟು ಬಂದಿದ್ದು ನನ್ನ ಯಂತ್ರದಾಗ. ಹಾಳೆ ನನ್ನ ರೂಮಿನಾಗ ಅದ."

"ನಿನ್ನ ಹೆಸರು ಎಲ್ಲಿದೆ ಇದ್ರಲ್ಲಿ? ನೋಡು, ಅಸಹಜ ಸಾವು ಅಂತ ಬರ್ದಿದೀನಿ, ಪ್ರಕೃತಿ ವಿಕೋಪ. ನಾಳೆ ಫೈಲ್ ಮುಚ್ತೀನಿ. ಹೋಗಿ ಹೆಣ ತಗೊಂಡು ಮಣ್ಣು ಮಾಡ್ರಿ, ಪಾಪ."

ಪಿಳ್ಳಣ್ಣ ಲೋಟ ಕೆಳಗಿಟ್ಟ. "ನಿನ್ ರೂಮಲ್ಲಿ ಹಾಳೆ ಐತಾ ತಮ್ಮ?" ಎಂದ, ಅಕ್ಕರೆಯಿಂದ.

ಗುರುಸಿದ್ದ ಕೋಣೆಗೆ ಬಂದು ಆ ದಿನದ ಹಾಳೆಯನ್ನು ನೆಲದ ಮೇಲೆ ಹರಡಿದ. ಅದರ ಪಕ್ಕ ಹಳೆಯ ಹಾಳೆಗಳನ್ನು ಹರಡಿದ. ನೋಡಲು ಕ್ಷಣ ಸಾಕಾಯಿತು. 'ಬಂಡೆ', 'ಬಂಡೆ', 'ಬಂಡೆ' ಎಂದು ತಾನೇ ಬರೆದ ಪ್ರತಿ ಮುಳ್ಳಿನ ಹಾಗೇ ಇತ್ತು ಈ ಮುಳ್ಳು. ಥಟ್ಟನೆ ಎದ್ದು ಥಟ್ಟನೆ ಸತ್ತಿತ್ತು. ಗುಜರಾತಿನಿಂದ ಬರುವ ಪೆಟ್ಟು ಇಷ್ಟು ದೂರ ನಡೆದು ಬರುವಷ್ಟರಲ್ಲಿ ಮೊಂಡಾಗಿರಬೇಕು, ಸಣ್ಣಗೆ ನಡುಗುತ್ತ ಬರಬೇಕು. ಆ ನಡುಕ ಹಾಳೆಯಲ್ಲಿತ್ತು, ಮುಳ್ಳಿನ ನಂತರ. ಅಂದರೆ ಗುಜರಾತು ಬೆಂಗಳೂರಿಗೆ ಬರುವ ಮೊದಲೇ ಅಣ್ಣ ಸತ್ತಿದ್ದ. ರಜೆ ಎಂಬ ಒಂದೇ ಕಾರಣಕ್ಕೆ, ಅಧಿಕಾರಿಗಳು ಸುಳಿಯುವುದಿಲ್ಲವೆಂಬ ಒಂದೇ ಕಾರಣಕ್ಕೆ, ಪಿಳ್ಳಣ್ಣ ಸೀಟಿ ಊದಿಸದೆ ಮದ್ದು ಹಾರಿಸಿದ್ದ. ಅದೇ ರಜೆಯ ಕಾರಣಕ್ಕೆ ಗುರುಸಿದ್ದ ಅದನ್ನು ಭೂಕಂಪ ಎಂದು ಓದಿದ್ದ.

ಅವನು ತಲೆಯನ್ನು ಗೋಡೆಗೆ ಒಮ್ಮೆ ಗಟ್ಟಿಯಾಗಿ ಬಡಿದುಕೊಂಡ. ಸೂಜಿ ಹಾರಿತು.

ಹಾಳೆ ಸುತ್ತಿಕೊಂಡು ಏಳುವಷ್ಟರಲ್ಲಿ ಬಾಗಿಲು ಒದೆತಕ್ಕೆ ತೆರೆದುಕೊಂಡಿತು. ಇಬ್ಬರು ಒಳಗೆ ಬಂದರು, ಒಬ್ಬನ ಕೈಯಲ್ಲಿ ಬಂಡೆ ಕೊರೆಯುವ ಸಲಾಕೆ. ಪಿಳ್ಳಣ್ಣ ಹೊಸ್ತಿಲಲ್ಲೇ ನಿಂತ, ಚಪ್ಪಲಿ ಬಿಡದೆ.

"ಕೊಡು ಗುರು. ಆ ಹಾಳೆ ನಮ್ ಸಾಕ್ಷಿ. ಪೇಪರ್ನೋರೇ ಹಾಕವ್ರೆ."

"ಕೊಡಲ್ಲ."

"ಯಾಕ್ ಮಗಾ, ಹರಿದಾಕ್ತೀಯಾ?"

ಸಲಾಕೆ ಮೊದಲು ಯಂತ್ರದ ಮೇಲೆ ಬಿತ್ತು. ಡ್ರಮ್ಮು ಡಬ್ಬಿಯ ಹಾಗೆ ಚಪ್ಪಟೆಯಾಯಿತು. ಗುರುಸಿದ್ದ ತಲೆ ತಗ್ಗಿಸಿ ನುಗ್ಗಿ ಒಬ್ಬನ ಹೊಟ್ಟೆಗೆ ಗುದ್ದಿದ, ಕೆಳಗೆ ಬಿದ್ದವನ ಕಿವಿಯನ್ನು ಹಲ್ಲಿನಲ್ಲಿ ಹಿಡಿದ. ಬಾಯಿಗೆ ಉಪ್ಪು ರಕ್ತ ಬಂತು, ಬಿಡಲಿಲ್ಲ. ಇನ್ನೊಬ್ಬ ಅವನ ಬೆನ್ನ ಮೇಲೆ ಸಲಾಕೆ ಹಾಕಿದ. ಎರಡನೇ ಏಟಿಗೆ ಬಾಯಿ ತೆರೆಯಿತು. ಕಿವಿ ಹರಿದವನು ಕೂಗುತ್ತ ಎದ್ದು, ಯಂತ್ರದಿಂದ ಕಿತ್ತುಬಿದ್ದ ಐದು ಕಿಲೋ ತೂಕದ ಕಲ್ಲನ್ನು ಎತ್ತಿಕೊಂಡ. ಹಾಳೆ ಹಿಡಿದಿದ್ದ ಗುರುಸಿದ್ದನ ಎಡಗೈ ನೆಲದ ಮೇಲಿತ್ತು. ಕಲ್ಲು ಅದರ ಮೇಲೆ ಬಿತ್ತು. ಬೆರಳುಗಳು ಮುರಿದ ಸದ್ದು ಕಡ್ಡಿ ಮುರಿದ ಹಾಗಿತ್ತು.

ಪಿಳ್ಳಣ್ಣ ಬಗ್ಗಿ ಹಾಳೆಯನ್ನು ಎಳೆದುಕೊಂಡು, ಬಿಚ್ಚಿ, ಬೆಳಕಿಗೆ ಹಿಡಿದ. ಮುಳ್ಳಿನ ಮೇಲೆ ಬೆರಳಿಟ್ಟ.

"ಏನ್ ಸಖತ್ತಾಗಿ ಗುದ್ದೈತೆ ನೋಡ್ರೋ!" ಎಂದ. ನಿಜವಾಗಿಯೂ ಖುಷಿಯಾಗಿದ್ದ.

ಗುರುಸಿದ್ದ ಅದನ್ನು ಕೇಳಿಸಿಕೊಂಡನಾದರೂ ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹಾಳೆ ಹೋಯಿತು, ಸುಟ್ಟುಹಾಕುತ್ತಾರೆ ಎಂದಷ್ಟೇ ಅಂದುಕೊಂಡ. ಅವರು ಹೋದ ಮೇಲೆ ಒಂದು ಟವೆಲನ್ನು ಕೈಗೆ ಸುತ್ತಿ, ಹಲ್ಲಿನಿಂದ ಗಂಟು ಬಿಗಿದು ಬಸ್ ಹತ್ತಿದ. ಇನ್ನೊಂದು ಹಾಳೆ ಉಳಿದಿತ್ತು.

ಬಾಗಿಲು ತೆಗೆದ ಅಮ್ಮಣ್ಣಿ, ಮೇಷ್ಟ್ರ ಹೆಂಡತಿ, ಹೌಹಾರಿ ಹಿಂದೆ ಸರಿದರು. ಅನಂತರಾಮು ಮೆಟ್ಟಿಲ ಕೆಳಗೆ ಯಂತ್ರದ ಪಕ್ಕ ಕೂತಿದ್ದರು. ಸ್ಟೂಲಿನ ಮೇಲೆ ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಇಟ್ಟಿದ್ದರು.

"ಆ ದಿನದ ಹಾಳೆ ತೋರ್ಸಿ ಸಾರ್."

"ಏನಯ್ಯಾ ಇದು ಅವತಾರ! ಮೊದ್ಲು ಕೂತ್ಕೋ, ನೀರು..."

"ಹಾಳೆ ಸಾರ್."

ಅವರು ಹಾಳೆ ತೆಗೆದರು. ಸಣ್ಣ ನಡುಕ ಇತ್ತು. ದೊಡ್ಡ ಅಲೆಗಳಿದ್ದವು. ಅವಕ್ಕೂ ಮೊದಲು ಗೆರೆ ನೆಟ್ಟಗಿತ್ತು, ಸ್ಲೇಟಿನ ಮೇಲೆ ಎಳೆದ ಹಾಗೆ. ಪೆಟ್ಟು ಇರಲಿಲ್ಲ.

ಗುರುಸಿದ್ದ ನಿಂತೇ ಎಲ್ಲ ಹೇಳಿದ. ಗುಜರಾತಿನ ಪೆಟ್ಟಾಗಿದ್ದರೆ ಬಿಟಿಎಂಗೂ ಬರಬೇಕಿತ್ತು, ತ್ಯಾಗರಾಜನಗರಕ್ಕೂ ಬರಬೇಕಿತ್ತು. ಬಿಟಿಎಂಗೆ ಬಂದು ಇಲ್ಲಿಗೆ ಬಂದಿಲ್ಲವೆಂದರೆ ಅದು ಹತ್ತಿರದ ಮದ್ದು. ನನ್ನ ಹಾಳೆ ಹೋಯಿತು, ನಿಮ್ಮದು ಕೊಡಿ. ಪತ್ರಿಕೆಗೆ ಹೇಳಿದ ಪೆಟ್ಟು ನಿಮ್ಮ ಯಂತ್ರದಲ್ಲಿ ಇರಲಿಲ್ಲವೆಂದು ಠಾಣೆಗೆ ಬಂದು ಹೇಳಿ.

ಅನಂತರಾಮು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಹಾಗೆ ಹೇಳಕ್ಕಾಗಲ್ಲ ಕಣಯ್ಯಾ. ನನ್ನ ಸೂಜಿ ಸ್ವಲ್ಪ ಬಿಗಿ. ಚಿಕ್ಕ ಪೆಟ್ಟು ಹಿಡಿಯಲ್ಲ. ಇಲ್ಲಿ ಕಾಣಿಸ್ಲಿಲ್ಲ ಅಂದ್ರೆ ಬಂದಿರ್ಲಿಲ್ಲ ಅಂತಲ್ಲ."

"ಬಿಗಿ?"

"ಬಿಗಿ. ಶುಕ್ರವಾರ ನ್ಯಾಷನಲ್ ಕಾಲೇಜಿನ ಕಡೆ ಭಾಷಣಕ್ಕೆ ಬೇರೆ ಕರ್ದಿದಾರೆ. ನಾನು ಈಗ ಹೋಗಿ, ಇನ್ನೊಬ್ಬನ ಓದು ನಂದು ಅಂತ ಹೇಳ್ದೆ ಅಂದ್ರೆ... ನಲವತ್ತು ವರ್ಷ ಪಾಠ ಮಾಡಿದೀನಪ್ಪ. ನಿಮ್ಮಣ್ಣ ಅಂತೂ ಹೋಗಾಯ್ತು."

ಗುರುಸಿದ್ದ ಆಲೋಚಿಸಿ ಮಾಡಿದ್ದಲ್ಲ. ಬಲಗೈ ತಾನಾಗಿ ಹೋಗಿ ಮುದುಕನ ಎದೆಗೆ ಬಿತ್ತು. ಅನಂತರಾಮು ಪಕ್ಕಕ್ಕೆ ಮುಗ್ಗರಿಸಿ ಮೆಟ್ಟಿಲ ಅಂಚಿಗೆ ಮುಖ ಬಡಿದುಕೊಂಡು ನೆಲಕ್ಕೆ ಬಿದ್ದರು. ತುಟಿ ಸೀಳಿತು. ಒಂದು ಹಲ್ಲು ಸಿಮೆಂಟಿನ ಮೇಲೆ ಟಣ್ ಎಂದು ಬಿತ್ತು. ಅಮ್ಮಣ್ಣಿ ಕಿರುಚಿದರು.

ಅವರ ಕಿರುಚಾಟದ ನಡುವೆ ಇನ್ನೊಂದು ಸದ್ದು ಕೇಳಿತು, ಹಾಳೆಯ ಮೇಲೆ ಸೂಜಿ ಕೆರೆದದ್ದು. ಗುರುಸಿದ್ದ ತಿರುಗಿ ನೋಡಿದ. ಬಿದ್ದಲ್ಲಿಂದಲೇ ಅನಂತರಾಮು ಕೂಡ ನೋಡಿದರು. ಒಂದು ಮುಳ್ಳು ಥಟ್ಟನೆ ಎದ್ದು ಥಟ್ಟನೆ ಸತ್ತಿತ್ತು. ಅಮ್ಮಣ್ಣಿ ಓಡಿ ಬಂದರೆ ಅವರ ಒಂದೊಂದು ಹೆಜ್ಜೆಗೂ ಸೂಜಿ ಮಿಡಿಯಿತು. ಎಲ್ಲಿಯೂ ಬಿಗಿ ಇರಲಿಲ್ಲ.

ಮೇಷ್ಟ್ರ ಬಾಯಿಯ ರಕ್ತ ಗಲ್ಲದಿಂದ ಇಳಿಯುತ್ತಿತ್ತು. ಕಣ್ಣು ಮಾತ್ರ ಹಾಳೆಯ ಮೇಲಿತ್ತು.

"ರೀ, ಪೊಲೀಸಿಗೆ ಫೋನ್ ಮಾಡ್ತೀನಿ, ಈ ರಾಕ್ಷಸನ್ನ..."

"ಫೋನ್ ಬೇಡ. ನಾವೇ ಹೋಗ್ತೀವಿ." ಅವರು ಗೋಡೆ ಹಿಡಿದು ಎದ್ದರು. ಆ ದಿನದ ಹಾಳೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡರು. "ಆಟೋ ಕರಿಯಯ್ಯಾ."

ಯಾರ ಮೇಲೆ ದೂರು ಕೊಡುತ್ತಾರೆ ಎಂದು ಅವರು ಹೇಳಲಿಲ್ಲ. ಗುರುಸಿದ್ದ ಕೇಳಲಿಲ್ಲ. ಆಟೋ ಗುಂಡಿಗೆ ಬಿದ್ದಾಗಲೆಲ್ಲ ಅವನ ಎಡಗೈ ಉರಿಯುತ್ತಿತ್ತು. ಪಕ್ಕದಲ್ಲಿ ಮೇಷ್ಟ್ರು ಕರ್ಚೀಫನ್ನು ಬಾಯಿಗೆ ಒತ್ತಿ ರಸ್ತೆ ನೋಡುತ್ತಿದ್ದರು.

ಸಬ್‌ಇನ್‌ಸ್ಪೆಕ್ಟರು ಇಬ್ಬರನ್ನೂ ನೋಡಿ ಪೆನ್ನು ಕೆಳಗಿಟ್ಟರು. "ಮುಖಕ್ಕೇನಾಯ್ತು ಸಾರ್?"

"ಇವನು ತಳ್ದ. ಅದನ್ನ ಆಮೇಲೆ ಬರ್ಕೊಳ್ಳಿ. ಮೊದ್ಲು ಇದನ್ನ ಬರ್ಕೊಳ್ಳಿ." ಹಲ್ಲು ಹೋದ ಜಾಗದಿಂದ ಮಾತು ಉಸ್ಸೆಂದು ಬರುತ್ತಿತ್ತು. "ಪೇಪರ್‌ನಲ್ಲಿ ನಾನು ಹೇಳಿದ್ದು ಸುಳ್ಳು. ಆ ಪೆಟ್ಟು ನನ್ನ ಯಂತ್ರದಲ್ಲಿ ಬಂದಿಲ್ಲ. ನೋಡಿ, ಇಲ್ಲ. ಈ ಹುಡುಗನದ್ರಲ್ಲಿ ಮಾತ್ರ ಬಂದಿತ್ತು. ಅವನ ಹಾಳೆ ಇದ್ದಿದ್ರೆ ಪಕ್ಕದಲ್ಲಿಟ್ಟು ತೋರಿಸ್ತಿದ್ದೆ. ಅದನ್ನ ಇವನ ಕೈ ಮುರಿದು ತಗೊಂಡ್ ಹೋಗಿದಾರೆ."

ಸಬ್‌ಇನ್‌ಸ್ಪೆಕ್ಟರು ಸ್ವಲ್ಪ ಹೊತ್ತು ಹಾಳೆ ನೋಡಿದರು. ಆಮೇಲೆ ಡ್ರಾಯರು ಎಳೆದು ಫೈಲು ತೆಗೆದರು. ಫೈಲಿನೊಳಗೆ ಮಡಿಸಿದ ಇನ್ನೊಂದು ಹಾಳೆ. ಅಂಚಿನಲ್ಲಿ ಒಣಗಿದ ರಕ್ತ.

"ಇದಾ? ಈಗಷ್ಟೇ ಪಿಳ್ಳಣ್ಣನೇ ತಂದ್ಕೊಟ್ಟ. ಭೂಕಂಪಕ್ಕೆ ಸಾಕ್ಷಿ ಸಾರ್, ಫೈಲಿಗೆ ಸೇರಿಸ್ಕೊಳ್ಳಿ ಅಂದ."

ಗುರುಸಿದ್ದನ ಬಾಯಿಂದ ಒಂದು ಸದ್ದು ಹೊರಟಿತು. ಅದು ನಗುವೇ ಇರಬೇಕು.

ಅನಂತರಾಮು ಎರಡೂ ಹಾಳೆಗಳನ್ನು ಮೇಲೊಂದು ಕೆಳಗೊಂದು ಇಟ್ಟು, ದೊಡ್ಡ ಅಲೆಗಳಿಗೆ ದೊಡ್ಡ ಅಲೆ ಕೂಡಿಸಿದರು. ಅಲೆಗೆ ಅಲೆ ಸರಿಯಾಗಿ ಕೂತಿತು. ನಡುಕಕ್ಕೆ ನಡುಕ ಕೂತಿತು. ಬೆರಳನ್ನು ಹಿಂದಕ್ಕೆ ಎಳೆಯುತ್ತ ಹೋದರು. ಮೇಲಿನ ಹಾಳೆಯಲ್ಲಿ ಮುಳ್ಳು, ಕೆಳಗಿನದರಲ್ಲಿ ಬರೀ ಗೆರೆ.

"ಇದು ಗುಜರಾತಿಂದ ಬಂದಿದ್ರೆ ನಮ್ಮನೆ ಬಿಟ್ಟು ಹೋಗ್ತಿತ್ತೇನ್ರೀ?"

ಸಬ್‌ಇನ್‌ಸ್ಪೆಕ್ಟರಿಗೆ ಓದಲು ಯಂತ್ರದ ವಿದ್ಯೆ ಬೇಕಾಗಲಿಲ್ಲ. ಸತ್ತವನಿಗಾಗಿ ಅವರಿಗೆ ಸಿಟ್ಟು ಬಂತೆಂದು ಹೇಳಲಾಗದು. ತಾವು ಕಾಫಿ ಕುಡಿಸಿ ಕೂರಿಸಿಕೊಂಡಿದ್ದವನು ತಮ್ಮ ಕೈಗೇ ಇಂಥದನ್ನು ಕೊಟ್ಟು, ಹಾಳೆ ತಲುಪಿತೆಂದು ತಮ್ಮಿಂದಲೇ ರುಜು ಹಾಕಿಸಿಕೊಂಡು ಹೋಗಿದ್ದನಲ್ಲ ಎಂಬುದು ಸಿಟ್ಟು. "ಎಳ್ಕೊಂಡ್ ಬರ್ರೋ ಆ ಬೋಳೀಮಗನ್ನ," ಎಂದರು.

ಸಂಜೆಯ ಹೊತ್ತಿಗೆ ಎಳೆದುಕೊಂಡು ಬಂದರು. ಬಿಳಿ ಅಂಗಿಯ ಗುಂಡಿಗಳು ಕಿತ್ತುಹೋಗಿದ್ದವು. ಪಿಳ್ಳಣ್ಣ ಗುರುಸಿದ್ದನನ್ನು ದಾಟಿ ಹೋಗುವಾಗ, "ನಾನೇ ಕೊಟ್ನಲ್ಲ ಸಾರ್ ಹಾಳೆ! ನಾನೇ ಕೊಟ್ಟಿದ್ದು!" ಎಂದು ಕೂಗುತ್ತಿದ್ದ. ಬಾಗಿಲು ಹಾಕಿದರು.

ಹೊರಗಿನ ಕಲ್ಲುಬೆಂಚಿನ ಮೇಲೆ ದುಂಡವ್ವ ಬಂದು ಕೂತಿದ್ದಳು. ಗುರುಸಿದ್ದ ಪಕ್ಕದಲ್ಲಿ ಕೂತ. ಗೋಡೆಯಾಚೆ ಏನೋ ಬಿದ್ದಿತು, ಮತ್ತೆ ಬಿದ್ದಿತು.

"ಏನದು ಸಪ್ಪಳ?"

"ಪಿಳ್ಳಣ್ಣ."

ಅವನ ಬಲಗೈ ಬೆಂಚಿನ ಮೇಲಿತ್ತು. ಪ್ರತಿ ಏಟೂ ಕಲ್ಲಿನ ಮೂಲಕ ಅಂಗೈಗೆ ಬಂದು ಮುಟ್ಟುತ್ತಿತ್ತು. ಹತ್ತಿರದ್ದು, ಚಿಕ್ಕದು, ಥಟ್ಟನೆ ಸಾಯುವಂಥದು. ಓದಬೇಡ ಅಂದುಕೊಂಡರೂ ತಲೆ ಓದುತ್ತಿತ್ತು. ಖುಷಿ ಬರುತ್ತದೆ ಎಂದು ಕಾದ. ಬರಲಿಲ್ಲ. ಅವನಲ್ಲಿದ್ದ ಖುಷಿಯೆಲ್ಲ ಆ ಬೆಳಿಗ್ಗೆ ಸೂಜಿಯ ಮುಂದೆ ಕುಣಿದಾಗಲೇ ಖರ್ಚಾಗಿಹೋಗಿತ್ತು.

ಒಳಗಿನ ಸದ್ದು ನಿಂತಿತು. ಪೇದೆಯೊಬ್ಬ ತೋಳು ಮಡಿಸಿಕೊಳ್ಳುತ್ತ ಬಾಗಿಲಿಗೆ ಬಂದ.

"ಮೇಷ್ಟ್ರನ್ನ ತಳ್ದೋನು ಯಾವನು? ನೀನಾ? ಒಳಗ್ ಬಾ."

ದುಂಡವ್ವ ಅವನ ಮುಖ ನೋಡಿದಳು. "ಮಾಸ್ತರಗ ಹೊಡದಿ?"

"ಹೊಡದೀನಿ ವೈನಿ."

"ಆತ ಬರದು ಕೊಟ್ಟಾನೋ ಇಲ್ಲೋ? ಮದ್ದು ಅಂತ?"

"ಕೊಟ್ಟಾನ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಕಾಲು ಮಡಚಿ ಅವನಿಗೆ ದಾರಿ ಬಿಟ್ಟಳು.

"ಹಂಗಾರ ಹೋಗು."